ಸಿಲೋನಿಗೆ ಮರಳುವುದಿಲ್ಲ

ಬ್ಯಾಂಕಿನ ಗುಮಾಸ್ತ ಹೆಬ್ಬೆಟ್ಟಿಗೆ ಶಾಯಿ ಬಳಿದು ಫಾರಂ ಮುಂದಿಟ್ಟರೂ ಪಾಪಮ್ಮ ಕೈ ಇಳಿಸಲಿಲ್ಲ. "ಇದ್ರಾಗೆ ಏನು ಬರ್ದೈತೆ, ಒಂದು ಕಿತ ಓದಿ ಹೇಳಿ ಸಾಮಿ," ಎಂದಳು. ಗುಮಾಸ್ತ ಕನ್ನಡದಲ್ಲಿ ಬಿಡಿಸಿ ಹೇಳಿದ: "ಸಿಲೋನ್ ಬಿಟ್ಟು ಬಂದು ಇಂಡಿಯಾದಲ್ಲೇ ಕಾಯಮ್ಮಾಗಿ ನೆಲೆಸಿದ್ದೀನಿ, ಮತ್ತೆ ಅಲ್ಲಿಗೆ ಹೋಗಿ ಇರಲ್ಲ ಅಂತ. ಇದು ಅಲ್ಲಿನ ಬ್ಯಾಂಕಿಗೆ ಹೋದ್ರೇನೇ ನಿಮ್ಮ ಉಳಿತಾಯ ಅಲ್ಲಿಂದ ಹೊಸೂರಿಗೆ ಬರೋದು."

ಮೂವತ್ತು ವರ್ಷ ಟೀ ತೋಟದಲ್ಲಿ ಎಲೆ ಕಿತ್ತು ಕೂಡಿಟ್ಟ ಹಣ. ಅದು ಬಂದರೆ ಉದ್ದನಪಲ್ಲಿಯಲ್ಲಿ ಮೈದುನನ ದನದ ಕೊಟ್ಟಿಗೆ ಬಿಟ್ಟು ಸ್ವಂತಕ್ಕೊಂದು ಸೂರು ಕಟ್ಟಬಹುದಿತ್ತು. ಆದರೆ ಆ ದೇಶದ ಪೌರತ್ವ ಸಿಗದ ಪಾಪಮ್ಮನನ್ನೂ ಗಂಡನನ್ನೂ ಅಲ್ಲಿನ ಸರ್ಕಾರ ಇಂಡಿಯಾಕ್ಕೆ ಕಳಿಸಿತ್ತು; ಅಳಿಯನಿಗೆ ಅದು ಸಿಕ್ಕಿದ್ದರಿಂದ ಮಗಳು ತಾಯಮ್ಮ ಅಲ್ಲೇ ಉಳಿದಿದ್ದಳು. ಎರಡು ತಿಂಗಳ ಹಿಂದೆ ಅಲ್ಲಿ ಹಡಗುಕಟ್ಟೆಗೆ ಹೋಗುವ ರೈಲು ಹತ್ತುವಾಗ ಬಸುರಿ ಮಗಳ ಹೊಟ್ಟೆ ಸವರಿ, "ಹೆರಿಗೆಗೆ ಬಂದೇ ಬತ್ತೀನಿ ಕಣವ್ವ," ಎಂದಿದ್ದಳು ಪಾಪಮ್ಮ.

"ಇದನ್ನ ಒತ್ತುದ್ರೆ ಮಗಳನ್ನ ನೋಡಕ್ಕೆ ಬಿಡಲ್ವಾ?" ಎಂದು ಕೇಳಿದಳು. ಗುಮಾಸ್ತ ಒಣಗುತ್ತಿದ್ದ ಹೆಬ್ಬೆಟ್ಟಿಗೆ ಇನ್ನೊಮ್ಮೆ ಶಾಯಿ ಬಳಿದ. ಬಾಗಿಲ ಬಳಿ ಕೂತು ಕೆಮ್ಮುತ್ತಿದ್ದ ಗಂಡ ಆವುಲಪ್ಪ, "ಒತ್ತೇ. ಇನ್ನೆಷ್ಟು ದಿನ ದನದ ಜೊತೆ ಮಲಿಕ್ಕೊಳ್ಳಾದು?" ಎಂದ. ಪಾಪಮ್ಮ ಕಣ್ಣು ಮುಚ್ಚಿಕೊಂಡು ಒತ್ತಿದಳು.

ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದ. ಎಲೆ ಚಿವುಟಿ ಚಿವುಟಿ ಸವೆದಿದ್ದ ಹೆಬ್ಬೆಟ್ಟಿನ ಒಂದು ಗೆರೆಯೂ ಮೂಡಿರಲಿಲ್ಲ. "ಗುರುತು ಬಿದ್ದಿಲ್ಲಮ್ಮ," ಎಂದು ಮೆಲ್ಲಗೆ ಹೇಳಿ ಹೊಸ ಫಾರಂ ತೆಗೆದ. "ಇನ್ನೊಂದ್ಸಲ ಒತ್ತಬೇಕು." ಪಾಪಮ್ಮ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕಾಗದದ ಕಡೆಗೆ ಎಳೆದಳು. ಈ ಸಲ ಕಣ್ಣು ಮುಚ್ಚಲಿಲ್ಲ.