ಬಚ್ಚಲ ನೀರಿನ ಕೆಸು

ಕೊಯ್ಯಲು ಹಿಡಿದ ಕೆಸುವಿನ ಎಲೆಯ ಮೇಲಿನ ಹಳದಿ ಮುದ್ದೆಯೊಂದು ಬೆರಳಿಗೆ ಅಂಟಿದ್ದೇ ಸೌಮ್ಯಶ್ರೀ ಕೈ ಕೊಡವಿದಳು. ಗಲ್ಫಿನ ಹಮ್ರಿಯಾದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅತ್ತೆ ಲೋಲಾಕ್ಷಿ ಬಕೆಟ್ಟಿನಲ್ಲಿ ಬೆಳೆಸಿದ ಕೆಸು ಮೊರದಗಲ ಎಲೆ ಬಿಟ್ಟಿತ್ತು. ಅದರ ಮೇಲೆ, ಮೇಲಿನ ಮಹಡಿಯವರ ಪೈಪಿನ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಬಕೆಟ್ ಇಲ್ಲಿ ಯಾಕೆ ಇಟ್ಟದ್ದು ಅತ್ತೆ?”

“ಊರಲ್ಲೂ ಕೆಸುವಿಗೆ ಬಚ್ಚಲ ನೀರೇ ಅಲ್ವಾ?”

“ಇಲ್ಲಿ ಬಚ್ಚಲಿಗೂ ಕಕ್ಕಸಿಗೂ ಒಂದೇ ಪೈಪು.”

ಲೋಲಾಕ್ಷಿ ಬಗ್ಗಿ ಎಲೆಯನ್ನು ಮೂಸಿದಳು. ಮುಖ ಕಿವುಚಿ ಮೂಗಿಗೆ ಸೆರಗು ಹಿಡಿದಳು. ಒಳಗೆ ಸೌಮ್ಯಶ್ರೀಯ ಗಂಡ ಲಕ್ಷಿತನ ಜೊತೆ ಕೂತು ಅವನ ಮ್ಯಾನೇಜರ್ ಮುನಿಯಪ್ಪ ಅದೇ ಗಿಡದ ಎಲೆಯ ಪತ್ರೊಡೆ ತಿನ್ನುತ್ತಿದ್ದ. ಲಕ್ಷಿತನನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಈ ವಾರ ಹೇಳಬೇಕಾದವನು ಅವನೇ.

“ಏನ್ ರುಚಿ ಅಮ್ಮ ಇದು! ಇನ್ನೊಂದು ಹಾಕಿ,” ಎಂದು ಅವನು ಒಳಗಿನಿಂದಲೇ ಕೂಗಿದ.

“ಹೇಗೂ ಬೆಂದಿದೆಯಲ್ಲ,” ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿ ಲೋಲಾಕ್ಷಿ ಒಳಹೋದಳು. ಮುನಿಯಪ್ಪನಿಗೆ ಎರಡು ಬಡಿಸಿದಳು. ಮಗ ತಟ್ಟೆ ಮುಂದೆ ಚಾಚಿದಾಗ ಅವನಿಗೂ ಒಂದು ಹಾಕಿದಳು.

“ನೀವು ತಗೊಳ್ಳಲ್ವಾ?” ಎಂದ ಮುನಿಯಪ್ಪ.

“ನನಗೆ ಇವತ್ತು ಉಪವಾಸ ಮಾರಾಯ್ರೇ.”

ಲಕ್ಷಿತ್ ಬಾಯ್ತುಂಬ ಅಗಿಯುತ್ತಾ, ಒಳಗೆ ಬಂದು ಕೂತ ಹೆಂಡತಿಯ ಖಾಲಿ ತಟ್ಟೆ ನೋಡಿದ.

“ನನಗೂ,” ಎಂದಳು ಸೌಮ್ಯಶ್ರೀ.