ಗೋರಂಟಿ ಬೆರಳು

ಕುಕ್ಕೆಯೊಳಗೆ ಇನ್ನೊಂದು ಟರ್ಕಿ ಕೋಳಿಮರಿ ಗೋಣು ಚೆಲ್ಲಿತು. ಅದರ ಕಾಲಬುಡದಲ್ಲೇ ನುಚ್ಚು ತುಂಬಿದ ತಟ್ಟೆಯಿತ್ತು.

"ಒಟ್ಟೆ ಅಸಿದ್ರೆ ತಾವೇ ತಿಂತವೆ ಬುಡು. ಕೋಳಿಮರಿಗೆ ಯಾರಾನ ತುತ್ತು ಇಕ್ತಾರಾ?" ಎಂದು ಪಿಳ್ಳಪ್ಪ ನೆನ್ನೆಯಿಂದ ಹೆಂಡತಿ ಕೃಷ್ಣಮ್ಮನನ್ನು ಗದರುತ್ತಲೇ ಇದ್ದ. ಸೋಲದೇವನಹಳ್ಳಿಯಲ್ಲಿ ಟರ್ಕಿ ಸಾಕಲು ಹೊರಟವರಲ್ಲಿ ಅವನೇ ಮೊದಲಿಗ. ತಾಯಿಯಿಲ್ಲದ ಈ ಮರಿಗಳಿಗೆ ತಿನ್ನುವುದನ್ನೂ ಕಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಕೃಷ್ಣಮ್ಮ ಕುಕ್ಕರಗಾಲಲ್ಲಿ ಕೂತು, ತಾಯಿಕೋಳಿ ಕುಕ್ಕುವ ಹಾಗೆ ನುಚ್ಚನ್ನು ತೋರುಬೆರಳಿನಿಂದ ಕುಕ್ಕತೊಡಗಿದಳು. ತಂಗಿಯ ಮದುವೆಗೆ ಹಚ್ಚಿಕೊಂಡ ಗೋರಂಟಿ ಬೆರಳ ತುದಿಯಲ್ಲಿನ್ನೂ ಕೆಂಪಗಿತ್ತು. ಉಳಿದ ಮರಿಗಳೆಲ್ಲ ಓಡಿಬಂದು ಆ ಕೆಂಪನ್ನೇ ಕುಕ್ಕಿದವು. ಬೆರಳಿಗಂಟಿದ ನುಚ್ಚು ಅವುಗಳ ಗಂಟಲಿಗಿಳಿಯಿತು.

"ಕಲ್ತವೆ ಕಣೇ! ಏಳಿನ್ನ, ಒಳಗೆ ಮಗ ಅಳ್ತೈತೆ."

ಅವಳು ಕೈ ತೆಗೆದು ಒಳಗೆ ಓಡಿದಳು. ಮರಿಗಳು ನುಚ್ಚನ್ನು ತುಳಿದುಕೊಂಡೇ, ಬೆರಳು ಹೋದ ದಿಕ್ಕಿಗೆ ಕತ್ತೆತ್ತಿ ಬಾಯಿ ತೆರೆದು ನಿಂತವು. ಪಿಳ್ಳಪ್ಪ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೂತ. ತನ್ನ ಮಣ್ಣುಗಪ್ಪು ಬೆರಳಿನಿಂದ ತಟ್ಟೆಯನ್ನು ಕುಕ್ಕಿದ, ಮತ್ತೆ ಮತ್ತೆ ಕುಕ್ಕಿದ.

ಒಂದೂ ಇತ್ತ ತಿರುಗಲಿಲ್ಲ.