ಗಾಬರಿಯಾದರೆ ಬೀಗದ ತಪ್ಪಲ್ಲ

ವಾರನ್ ಲಿಂಡ್‌ಕ್ವಿಸ್ಟ್ ಏಳನೆಯ ಸಲ ಹಿಡಿಕೆ ಎಳೆದ. ಬಾಗಿಲು ಮಿಸುಕಲಿಲ್ಲ.

ಆಗಸ್ಟ್ ತಿಂಗಳ ನಡುಮಧ್ಯಾಹ್ನ. ಕಾರಿನ ಗಾಜುಗಳೆಲ್ಲ ಮುಚ್ಚಿದ್ದವು. ನಾಲ್ಕು ಹೆಜ್ಜೆ ಆಚೆ, ಮೇಪಲ್ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಡೆಲ್ಬರ್ಟ್ ಪ್ರೂಯಿಟ್ ಕೂತಿದ್ದ. ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಕೋರ್ಟಿನ ಕಾಗದದ ಕಟ್ಟು.

“ಎಷ್ಟಾಯ್ತು?” ಗಾಜಿನ ಹಿಂದಿನಿಂದ ವಾರನ್‌ನ ದನಿ ಸಣ್ಣಗೆ ಕೇಳಿಸಿತು.

“ಒಂಬತ್ತು ನಿಮಿಷ, ಸಾಹೇಬ್ರೇ.”

ವಾರನ್ ಡೆಲ್ಬರ್ಟನ ಹಿತ್ತಲಿಗೆ ಒಬ್ಬನೇ ಬಂದಿದ್ದ. ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದು ಡೆಲ್ಬರ್ಟ್ ಎರಡು ಸಲ ಕೇಳಿದ್ದ. ಇಲ್ಲ, ಯಾರಿಗೂ ಗೊತ್ತಿಲ್ಲ ಎಂದಿದ್ದ ವಾರನ್. ಆಮೇಲೆಯೇ ಡೆಲ್ಬರ್ಟ್ ಕಾರಿನ ಬಾಗಿಲನ್ನು ಹೊರಗಿನಿಂದ ದಬ್ಬಿ ಹಾಕಿದ್ದು. ಕೀಲಿ ಅವನ ಜೇಬಿನಲ್ಲಿತ್ತು. ಅದು ತಿರುಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನೇಡೀನ್ ಒಳಗಿದ್ದ ದಿನವೂ ತಿರುಗಿರಲಿಲ್ಲ.

ಕೆಲ್‌ಸ್ಟನ್ ಕಾರು ಕೊಂಡವನು ಅದನ್ನು ಮೊಮ್ಮಗನಿಗೆ ಬಿಟ್ಟುಹೋಗುತ್ತಾನೆ ಎಂದು ಮಿಶಿಗನ್‌ನ ಆ ಊರಿನಲ್ಲಿ ಒಂದು ಮಾತಿತ್ತು. ಡೆಲ್ಬರ್ಟನ ಅಪ್ಪ ಯುದ್ಧಕಾಲದಲ್ಲಿ ಕೆಲ್‌ಸ್ಟನ್ ಕಾರ್ಖಾನೆಯಲ್ಲಿ ಸೇನೆಯ ಲಾರಿಗಳನ್ನು ಕಟ್ಟಿದವನು. ಡೆಲ್ಬರ್ಟ್ ಅದೇ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಾಗಿಲು ಕೂರಿಸಿದ. ಬೇರೆ ಕಂಪನಿಯ ಕಾರು ಕೊಳ್ಳುವುದು ಅವರ ಬೀದಿಯಲ್ಲಿ ಮತ ಬದಲಿಸಿದಷ್ಟೇ ನಾಚಿಕೆಗೇಡು. ಎಪ್ಪತ್ತನಾಲ್ಕರಲ್ಲಿ ಬೀಗದೊಳಗಿನ ಉಕ್ಕಿನ ತುಂಡು ಹೋಗಿ ಪ್ಲಾಸ್ಟಿಕ್ಕಿನದು ಬಂತು. ಬಿಸಿಲಿಗೆ ಅದು ಉಬ್ಬಿ ಬೀಗ ಕಚ್ಚಿಕೊಳ್ಳುತ್ತಿತ್ತು. ಕೊಂಡವರು ಕಾಗದ ಬರೆದರು. ಒಬ್ಬ ಶಿಕ್ಷಕಿ ಗಾಜು ಒಡೆದು ಹೊರಬಿದ್ದಳು. ಒಬ್ಬ ಪಾದ್ರಿ ಅರ್ಧ ಗಂಟೆ ಒಳಗೇ ಪ್ರಾರ್ಥನೆ ಮಾಡಿದ. ಎಲ್ಲರಿಗೂ ಕಂಪನಿಯಿಂದ ಒಂದೇ ಉತ್ತರ: ಇಂಥ ದೂರು ಇದೇ ಮೊದಲು.

ನೇಡೀನ್ ಡೆಲ್ಬರ್ಟನ ಹೆಂಡತಿ. ಉಬ್ಬಸದವಳು, ಹಗೂರ ಮೈಯವಳು. ಹೋದ ವರ್ಷ ಜುಲೈಯ ಒಂದು ಭಾನುವಾರ, ಚರ್ಚಿನ ಹಿಂದಿನ ಖಾಲಿ ಬಯಲಿನಲ್ಲಿ, ಇದೇ ಕಾರಿನಲ್ಲಿ ಮೂವತ್ತೊಂದು ನಿಮಿಷ ಇದ್ದಳು. ಹೊರಗೆ ತೆಗೆದಾಗ ಉಸಿರಿರಲಿಲ್ಲ.

“ಪುಟ ನಲವತ್ತೊಂದು,” ಎಂದ ಡೆಲ್ಬರ್ಟ್. ಕಾಗದ ಕಣ್ಣ ಹತ್ತಿರ ತಂದುಕೊಂಡು ಗಟ್ಟಿಯಾಗಿ ಓದಿದ: “ಸಾಕ್ಷಿ ವಾರನ್ ಲಿಂಡ್‌ಕ್ವಿಸ್ಟ್, ಕಂಪನಿಯ ಎಂಜಿನಿಯರ್. ಬುದ್ಧಿ ನೆಟ್ಟಗಿರುವ ಯಾರು ಬೇಕಾದರೂ ಈ ಬಾಗಿಲನ್ನು ಒಳಗಿನಿಂದ ತೆರೆಯಬಹುದು. ಆಕೆ ಗಾಬರಿಯಾಗಿರಬೇಕು. ಗಾಬರಿಯಾದರೆ ಬೀಗದ ತಪ್ಪಲ್ಲ.”

ಒಳಗಿದ್ದವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಮುಂದೆ ಓದು.”

“ಮುಂದೆ ಏನೂ ಇಲ್ಲ. ಜಡ್ಜು ನಿಮ್ಮ ಮಾತು ನಂಬಿದ್ರು. ನಾನು ಕೇಸು ಸೋತು ಮನೆಗೆ ಬಂದೆ.”

ಹದಿನಾಲ್ಕು ನಿಮಿಷ. ವಾರನ್ ಆಚೆ ಬಾಗಿಲಿಗೆ ಸರಿದು ಹೆಗಲು ಕೊಟ್ಟು ನೂಕಿದ. ಗಾಜು ಇಳಿಸುವ ಗುಂಡಿ ಒತ್ತಿದ, ಮತ್ತೆ ಒತ್ತಿದ. ಅರವತ್ತಮೂರರ ಮುದುಕ. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಹದಿನೆಂಟು. ಡೆಲ್ಬರ್ಟ್ ಎದ್ದು ಬಂದು ಗಾಜಿಗೆ ಹಣೆ ತಾಗಿಸಿದ.

“ಗಾಬರಿ ಆಗ್ತಿದ್ಯಾ, ಸಾಹೇಬ್ರೇ?”

“ಆಗ್ತಿದೆ.”

“ಬುದ್ಧಿ?”

“ನೆಟ್ಟಗಿದೆ ಕಣೋ. ಅದೇ ಕಷ್ಟ.”

ಡೆಲ್ಬರ್ಟ್ ನಗಲಿಲ್ಲ. ಮತ್ತೆ ಹೋಗಿ ಕೂತ. ಗಡಿಯಾರವನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಒಳಗೆ ವಾರನ್ ಹಿಡಿಕೆ ಎಳೆಯುವುದನ್ನು ನಿಲ್ಲಿಸಿದ್ದ. ಬಾಯಿ ತೆರೆದುಕೊಂಡು ಉಸಿರಿಗೆ ತಡಕಾಡುತ್ತಿದ್ದ. ಅವನ ಉಗುರುಗಳು ಗಾಜನ್ನು ಕೆರೆಯುವ ಸದ್ದು ನೆರಳಿನವರೆಗೂ ಬರುತ್ತಿತ್ತು. ಒಂದೇ ಸಮನೆ, ಇಲಿ ಕೆರೆದ ಹಾಗೆ.

ನೇಡೀನಳ ಉಗುರುಗಳೂ ಮುರಿದಿದ್ದವು. ಆಸ್ಪತ್ರೆಯವರು ಬಿಳಿ ಬಟ್ಟೆ ಸರಿಸಿ ತೋರಿಸಿದ್ದರು.

ಇಪ್ಪತ್ತೈದನೆಯ ನಿಮಿಷಕ್ಕೆ ಕೆರೆತ ನಿಂತಿತು. ಡೆಲ್ಬರ್ಟ್ ಗಡಿಯಾರವನ್ನು ಹುಲ್ಲಿನ ಮೇಲೆ ಎಸೆದು ಶೆಡ್ಡಿನ ಕಡೆ ಓಡಿದ. ತಿರುಗಿ ಬಂದಾಗ ಕೈಯಲ್ಲಿ ಕಬ್ಬಿಣದ ಹಾರೆಯಿತ್ತು.

ಹಾರೆ ಮೇಲೇಳುವುದನ್ನು ಕಂಡದ್ದೇ ತಡ, ಒರಗಿದ್ದ ವಾರನ್ ನೆಟ್ಟಗಾದ. ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ತಲೆಯಾಡಿಸಿದ.

“ಬೇಡ, ಡೆಲ್ಬರ್ಟ್! ಬೇಡ!”

“ಸರೀರಿ ಆಚೆ!”

“ಬೇಡವೋ, ಕೈ ಮುಗೀತೀನಿ!”

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಒಡೆಸ್ಸಾ ಎಂಬ ಪಕ್ಕದ ಮನೆಯಾಕೆ ಕೂಗಿಗೆ ಇಣುಕಿದಳು. ಹಾರೆ ಹಿಡಿದ ನೆರೆಯವನು, ಕಾರಿನೊಳಗೆ ಅಂಗಲಾಚುತ್ತಿರುವ ಬಿಳಿಗೂದಲಿನ ಮನುಷ್ಯ. “ಡೆಲ್ಬರ್ಟ್, ಅಯ್ಯೋ ದೇವರೇ, ಏನ್ ಮಾಡ್ತಿದ್ದೀಯಪ್ಪಾ?” ಎಂದು ಚೀರಿದಳು.

ಹಾರೆ ಬಿತ್ತು. ಗಾಜು ಪುಡಿಯಾಯಿತು. ಡೆಲ್ಬರ್ಟ್ ಒಳಗೆ ಕೈ ತೂರಿಸಿ ಮುದುಕನನ್ನು ಕಂಕುಳಿಗೆ ಹಿಡಿದು ಎಳೆದ. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ವಾರನ್ ಕೆಮ್ಮಿದ, ಮಗ್ಗುಲಾದ, ಮತ್ತೆ ಕೆಮ್ಮಿದ.

“ಎಷ್ಟಾಗಿತ್ತು?”

“ಇಪ್ಪತ್ತಾರು.”

“ಮೂವತ್ತೊಂದು ಅಂತ ಮಾತಾಗಿತ್ತಲ್ಲೋ.”

“ನನ್ನಿಂದ ಆಗಲಿಲ್ಲ, ಸಾಹೇಬ್ರೇ.” ಡೆಲ್ಬರ್ಟ್ ಮೊಣಕಾಲಿನ ನಡುವೆ ಮುಖ ಹುದುಗಿಸಿ, ಮಗುವಿನ ಹಾಗೆ ಬಿಕ್ಕಿದ. “ಇದರೊಳಗೆ ಇನ್ನೊಬ್ಬರು ಸಾಯೋದನ್ನ ನಾನು ನೋಡಲಾರೆ.”

“ಪೊಲೀಸರಿಗೆ ಫೋನ್ ಮಾಡ್ತೀನಿ!” ಎಂದಳು ಒಡೆಸ್ಸಾ.

ವಾರನ್ ರಕ್ತ ಸೋರುವ ಬೆರಳುಗಳನ್ನೆತ್ತಿ ಅವಳನ್ನು ತಡೆದ. “ಪೊಲೀಸರು ಬೇಡ ತಾಯಿ, ಸೋಮವಾರ ಈ ಕೇಸು ಮತ್ತೆ ತೆಗೆಸ್ತೀನಿ, ನೀವು ಕಂಡದ್ದನ್ನ ಜಡ್ಜಿನ ಮುಂದೆ ಹೇಳಿದರೆ ಸಾಕು. ಆ ಬೀಗ ಮಾಡಿದವನು ನಾನು. ಬಾಗಿಲು ಹಾಕು ಅಂತ ಮೂರು ದಿನದಿಂದ ಇವನ ಕಾಲು ಹಿಡಿದವನೂ ನಾನೇ.”